ಕ್ಲಬ್ಬಿಗೆ ಹತ್ತು ತಿಂಗಳು, ದೇಶಕ್ಕೆ ಒಂಬತ್ತು ದಿನ

(ಕಾಸರಗೋಡಿನಲ್ಲಿ ಫುಟ್‌ಬಾಲ್ ಆಟಗಾರರು ಮತ್ತು ಎಳೆಯರಿಗೆ ಆಟ ಹೇಳಿಕೊಡುವವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

2016–17ರ ಐ–ಲೀಗ್ (ಆಗ ದೇಶದ ಉನ್ನತ ಲೀಗ್) ಅಂಕಪಟ್ಟಿಯಿಂದ ಶುರು ಮಾಡೋಣ. ಒಟ್ಟು ಹತ್ತು ತಂಡ. ತುದಿಯಲ್ಲಿ ಐಜ್ವಾಲ್ ಎಫ್‌ಸಿ, 18 ಪಂದ್ಯಗಳಲ್ಲಿ 37 ಅಂಕ. ಒಂದೇ ಅಂಕ ಕೆಳಗೆ ಮೋಹನ್ ಬಾಗಾನ್. ಬುಡದಲ್ಲಿ ಮುಂಬೈ ಎಫ್‌ಸಿ. ಅದಕ್ಕೆ ಮೊದಲಿನ ಏಳು ಸೀಸನ್ ಮುಂಬೈ ಎಫ್‌ಸಿಯನ್ನು ಕೆಳಗಿನ ಹಂತಕ್ಕೆ ಜಾರದಂತೆ ಹಿಡಿದಿಟ್ಟವರು ಖಾಲಿದ್ ಜಮೀಲ್. ಆ ವರ್ಷ ಅವರು ಐಜ್ವಾಲ್‌ನಲ್ಲಿದ್ದರು. ಅವರು ಬಿಟ್ಟುಬಂದ ತಂಡ ಕೊನೆಗೆ ಬಿತ್ತು, ಆಮೇಲೆ ಕ್ಲಬ್ಬೇ ಮುಚ್ಚಿಹೋಯಿತು. ಅವರು ಕೈಗೆತ್ತಿಕೊಂಡ ತಂಡ ಚಾಂಪಿಯನ್ ಆಯಿತು. ಕೋಚ್ ಒಬ್ಬನಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಎಂದು ಕೇಳುವವರಿಗೆ ತೋರಿಸಲು ಭಾರತದ ಫುಟ್‌ಬಾಲಿನಲ್ಲಿ ಇದಕ್ಕಿಂತ ಸ್ಪಷ್ಟವಾದ ಪಟ್ಟಿ ನನಗೆ ಕಾಣುವುದಿಲ್ಲ.

ಅದೇ ಮನುಷ್ಯ 2025ರ ಆಗಸ್ಟ್ 1ರಂದು ಭಾರತ ತಂಡದ ಮುಖ್ಯ ಕೋಚ್ ಆದರು. 2011–12ರಲ್ಲಿ ಸಾವಿಯೊ ಮೆಡೇರಾ ಇದ್ದರಲ್ಲ, ಅವರ ನಂತರ ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. ಮೂರೇ ತಿಂಗಳಲ್ಲಿ ಹೊಗಳಿಕೆಯನ್ನೂ ಬೈಗುಳವನ್ನೂ ಹೊಟ್ಟೆ ತುಂಬ ಉಂಡರು. ಎರಡಕ್ಕೂ ಕಾರಣ ಒಂದೇ ಎಂಬುದು ನನ್ನ ಅಭಿಪ್ರಾಯ. ಅದನ್ನೇ ಇವತ್ತು ಬಿಡಿಸಿ ಹೇಳುತ್ತೇನೆ.

ಆಟಗಾರನಾಗಿ ಅವರ ಕತೆ ದೊಡ್ಡದಲ್ಲ, ಬೇಗ ಮುಗಿಸೋಣ. ಹುಟ್ಟಿದ್ದು 1977ರಲ್ಲಿ, ಕುವೈತ್‌ನಲ್ಲಿ. ಕೊಲ್ಲಿ ಯುದ್ಧದ ಬಳಿಕ ಕುಟುಂಬ ಮುಂಬಯಿಗೆ ಬಂತು. ಆ ವರ್ಷ ಪೆಟ್ಟಿಗೆ ಕಟ್ಟಿಕೊಂಡು ವಾಪಸಾದ ಮನೆಗಳು ನಮ್ಮ ಉಪ್ಪಳ, ಕುಂಬಳೆ ಕಡೆಯೂ ಎಷ್ಟೋ ಉಂಟು, ನಿಮಗೆ ವಿವರಿಸಬೇಕಾಗಿಲ್ಲ. ಮಿಡ್‌ಫೀಲ್ಡರ್ ಆಗಿ ಏರ್ ಇಂಡಿಯಾ, ಮಹೀಂದ್ರ ಯುನೈಟೆಡ್ ಕ್ಲಬ್ಬುಗಳಿಗೆ ಆಡಿದರು. ಭಾರತದ ಅಂಗಿಯನ್ನೂ ತೊಟ್ಟರು. ನಮ್ಮ ತೃಕರಿಪುರದ ಮುಹಮ್ಮದ್ ರಾಫಿ ಹೆಸರು ಮಾಡಿದ್ದೂ ಅದೇ ಮಹೀಂದ್ರ ಯುನೈಟೆಡ್‌ನಲ್ಲಿ. ಕಲ್ಕತ್ತೆಯ ಎರಡು ದೊಡ್ಡ ಕ್ಲಬ್ಬುಗಳಿಂದ ಕರೆ ಬಂದಾಗ, ಅಂಗಿಯ ಮೇಲೆ ಮದ್ಯದ ಕಂಪನಿಯ ಹೆಸರಿರುತ್ತದೆ ಎಂದು ಜಮೀಲ್ ಒಲ್ಲೆ ಎಂದದ್ದು ಆಗ ಸುದ್ದಿಯಾಗಿತ್ತು. ಕೊನೆಗೆ ಮುಂಬೈ ಎಫ್‌ಸಿ ಸೇರಿದರು. ಗಾಯ ಬಿಡಲಿಲ್ಲ. 2009ರಲ್ಲಿ ಆಟ ನಿಲ್ಲಿಸಿದರು, ಅದೇ ವರ್ಷ ಅದೇ ಕ್ಲಬ್ಬಿನ ಮುಖ್ಯ ಕೋಚ್ ಆದರು. ಆಗ ವಯಸ್ಸು 32.

32 ಎಂದರೆ ತಂಡದಲ್ಲಿ ಕೆಲವರು ನಿಮಗಿಂತ ಹಿರಿಯರು. ನಿನ್ನೆಯವರೆಗೆ ಪಕ್ಕದಲ್ಲಿ ಕೂತು ಬೂಟಿನ ಲೇಸು ಕಟ್ಟಿದವರನ್ನು ಇವತ್ತು ಬೆಂಚಿನಲ್ಲಿ ಕೂರಿಸಬೇಕು. ಎಷ್ಟೋ ಒಳ್ಳೆಯ ಆಟಗಾರರು ಕೋಚ್ ಆಗಿ ಬೀಳುವುದು ಇಲ್ಲಿಯೇ. ಗೆಳೆತನ ಉಳಿಸಿಕೊಳ್ಳಲು ಹೋಗಿ ಹನ್ನೊಂದರ ಪಟ್ಟಿ ಕೆಡಿಸಿಕೊಳ್ಳುತ್ತಾರೆ.

ಮುಂಬೈ ಎಫ್‌ಸಿಯ ಕೈಯಲ್ಲಿ ದುಡ್ಡು ಕಡಿಮೆ. ಗೋವಾದ, ಕಲ್ಕತ್ತೆಯ ಕ್ಲಬ್ಬುಗಳು ಆರಿಸಿಕೊಂಡ ನಂತರ ಉಳಿದವರು ಇವರ ಪಾಲಿಗೆ. ಇಂಥ ತಂಡ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಆಡಲು ಹೋದರೆ ಸೋಲು ಖಚಿತ. ಹಾಗಾಗಿ ಜಮೀಲ್ ಹಿಡಿದ ದಾರಿ: ಚೆಂಡು ಎದುರಾಳಿಗೆ ಇರಲಿ, ಜಾಗ ನಮಗೆ ಇರಲಿ. ‘ಹಿಂದೆ ಕೂತು ಆಡುವುದು’ ಎಂದು ಗ್ಯಾಲರಿಯಲ್ಲಿ ಮೂಗು ಮುರಿಯುತ್ತೇವಲ್ಲ, ಅದೇ. ಆದರೆ ಸುಮ್ಮನೆ ಹಿಂದೆ ಹೋಗಿ ನಿಂತರೆ ಆಗುವುದಿಲ್ಲ. ಅದಕ್ಕೆ ಅಳತೆ ಉಂಟು. ಬೋರ್ಡಿನಲ್ಲಿ ಬರೆಯುತ್ತೇನೆ, ಹಿಂದೆ ಕೂತವರಿಗೂ ಕಾಣಲಿ.

ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಹಿಂದೆ ನಾಲ್ವರ ಸಾಲು, ಅದರ ಮುಂದೆ ಇನ್ನೊಂದು ನಾಲ್ವರ ಸಾಲು. ಈ ಎರಡು ಸಾಲುಗಳ ನಡುವೆ 10ರಿಂದ 12 ಮೀಟರ್, ಅದಕ್ಕಿಂತ ಹೆಚ್ಚು ಬೇಡ. ಒಂದೇ ಸಾಲಿನಲ್ಲಿ ಒಬ್ಬನಿಂದ ಇನ್ನೊಬ್ಬನಿಗೆ 8ರಿಂದ 10 ಮೀಟರ್. ಅಂದರೆ ನಾಲ್ವರು ಸೇರಿ 30 ಮೀಟರ್ ಅಗಲವನ್ನಷ್ಟೇ ಮುಚ್ಚುತ್ತಾರೆ, ಉಳಿದ 38 ಮೀಟರ್ ಖಾಲಿ. ಆ ಖಾಲಿ ಜಾಗ ಯಾವಾಗಲೂ ಚೆಂಡಿನಿಂದ ದೂರದ ಬದಿಯಲ್ಲಿ ಇರಬೇಕು. ಚೆಂಡು ಬಲಕ್ಕೆ ಹೋದರೆ ಎಂಟೂ ಜನ ಬಲಕ್ಕೆ ಸರಿಯಬೇಕು. ಚೆಂಡು ಎದುರಾಳಿಯ ಕಾಲಿಂದ ಹೊರಟು ಗಾಳಿಯಲ್ಲಿ ಇರುವಾಗಲೇ ಓಡಬೇಕು. ಅದು ಇನ್ನೊಬ್ಬನ ಕಾಲಿಗೆ ತಲುಪಿದ ಮೇಲೆ ಹೊರಟರೆ ತಡವಾಯಿತು.

ಕೆಡುವುದು ಎಲ್ಲಿ? ಮೊದಲನೆಯದು, ದೂರದ ಬದಿಯ ಬ್ಯಾಕ್, ಅಂದರೆ ಹಿಂದಿನ ಸಾಲಿನ ತುದಿಯಲ್ಲಿ ನಿಲ್ಲುವವನು. ಎಡಬದಿಯ ಬ್ಯಾಕ್ ತನ್ನ ವಿಂಗರನ್ನು ಕಣ್ಣಲ್ಲಿ ಇಟ್ಟುಕೊಂಡು ಗೆರೆಯ ಹತ್ತಿರವೇ ನಿಂತರೆ, ಒಳಗಿನ ಸ್ಟಾಪರಿಗೂ ಅವನಿಗೂ ನಡುವೆ ಬಾಗಿಲು ತೆರೆದ ಹಾಗೆ. ಚೆಂಡು ಆಚೆ ಬದಿಯಲ್ಲಿ ಇರುವಾಗ ಅವನು ಗೋಲಿನ ದೂರದ ಕಂಬದ ನೇರಕ್ಕೆ ಒಳಬರಬೇಕು. ಎರಡನೆಯದು, ದಣಿವು. 70 ನಿಮಿಷ ಕಳೆದ ಮೇಲೆ ಹಿಂದಿನ ಸಾಲು ಭಯಕ್ಕೆ ಹಿಂದೆ ಹಿಂದೆ ಸರಿಯುತ್ತದೆ, ಮುಂದಿನ ಸಾಲು ಸುಸ್ತಿಗೆ ಇದ್ದಲ್ಲೇ ನಿಲ್ಲುತ್ತದೆ. 12 ಮೀಟರ್ ಇದ್ದದ್ದು 25 ಆಗುತ್ತದೆ. ಎದುರಾಳಿಯ ಒಳ್ಳೆಯ ಪಾಸ್‌ಗಾರ ಕಾಯುವುದು ಆ ಜಾಗಕ್ಕೇ. ಮೂರನೆಯದು, ಚೆಂಡು ಕಸಿದುಕೊಂಡ ಮೇಲೆ ಎಲ್ಲಿಗೆ ಒದೆಯುವುದೆಂದು ಗೊತ್ತಿಲ್ಲದಿರುವುದು. ಮುಂದಿನವನಿಗೆ ಉದ್ದ ಒದ್ದಾಗ ಅವನು ತಲೆಯಿಂದ ಗೆಲ್ಲುವುದು ಮುಖ್ಯವಲ್ಲ. ಅವನ ತಲೆಗೆ ತಾಗಿ ಬೀಳುವ ಎರಡನೇ ಚೆಂಡು ಮುಖ್ಯ. ಅದಕ್ಕೆ ಮಿಡ್‌ಫೀಲ್ಡಿನ ಇಬ್ಬರು ಚೆಂಡು ಗಾಳಿಯಲ್ಲಿ ಇರುವಾಗಲೇ ಮೇಲೇರಬೇಕು. ಇವರು ಇದ್ದಲ್ಲೇ ನಿಂತು ನೋಡಿದರೆ ಪ್ರತಿ ಸಲವೂ ಚೆಂಡನ್ನು ದಾನ ಮಾಡಿದ ಹಾಗೆ.

ಇದನ್ನೆಲ್ಲ ದಿನಾ ಹೇಳಿ, ದಿನಾ ಓಡಿಸಿ, ಏಳು ಸೀಸನ್ ಮಾಡಿಸಿದರು. ಐಜ್ವಾಲ್‌ಗೆ ಹೋದಾಗ ಈ ಪಾಠ ಬಾಯಿಪಾಠವಾಗಿತ್ತು.

ಐಜ್ವಾಲ್ ಹಿಂದಿನ ಸೀಸನ್‌ನಲ್ಲಿ ಕೆಳಗೆ ಬಿದ್ದ ತಂಡ. ಗೋವಾದ ಕ್ಲಬ್ಬುಗಳು ಲೀಗಿನಿಂದ ಹಿಂದೆ ಸರಿದದ್ದರಿಂದ ಅದನ್ನು ಮತ್ತೆ ಸೇರಿಸಿಕೊಂಡರು. ಅಲ್ಲಿ ಮಿಜೋ ಹುಡುಗರ ಓಟ ಉಂಟು, ದಮ್ಮು ಉಂಟು. ಜಮೀಲ್ ಅದಕ್ಕೆ ಮುಂಬೈಯ ಪರಿಚಯದ ಅಶುತೋಷ್ ಮೆಹ್ತಾ ಅಂಥವರನ್ನೂ, ಮಿಡ್‌ಫೀಲ್ಡಿಗೆ ಸಿರಿಯಾದ ಮಹಮೂದ್ ಅಲ್ ಅಮ್ನಾ ಅವರನ್ನೂ ಸೇರಿಸಿದರು. ಅಲ್ ಅಮ್ನಾ ಬಂದದ್ದು ದೊಡ್ಡ ಬದಲಾವಣೆ, ಯಾಕೆಂದರೆ ಕಸಿದುಕೊಂಡ ಚೆಂಡನ್ನು ಎರಡು ಕ್ಷಣ ಕಾಲಲ್ಲಿ ಹಿಡಿದು, ತಲೆಯೆತ್ತಿ ನೋಡಿ ಕೊಡುವವನು ಒಬ್ಬ ಸಿಕ್ಕಿದ. 2017ರ ಏಪ್ರಿಲ್ 22ರಂದು ಮೋಹನ್ ಬಾಗಾನ್ ಐಜ್ವಾಲ್‌ಗೆ ಬಂತು. 80 ನಿಮಿಷ ದಾಟುವವರೆಗೆ ಗೋಲಿಲ್ಲ. ಆಮೇಲೆ ಡಿಫೆಂಡರ್ ಜೊಹ್ಮಿಂಗ್ಲಿಯಾನಾ ರಾಲ್ಟೆ ಹೊಡೆದ ಒಂದೇ ಗೋಲಿಗೆ ಪಂದ್ಯ ಮುಗಿಯಿತು. ಏಪ್ರಿಲ್ 30ರಂದು ಶಿಲ್ಲಾಂಗ್ ಲಾಜಾಂಗ್ ವಿರುದ್ಧ 1–1 ಸಮ ಮಾಡಿಕೊಂಡದ್ದೇ ಸಾಕಾಯಿತು. ಈಶಾನ್ಯದ ಕ್ಲಬ್ಬೊಂದು ದೇಶದ ಲೀಗ್ ಗೆದ್ದದ್ದು ಅದೇ ಮೊದಲು.

ನಂತರದ ಕಲ್ಕತ್ತೆಯ ದಿನಗಳು ಸಪ್ಪೆ. ಈಸ್ಟ್ ಬೆಂಗಾಲ್‌ನಲ್ಲಿ ಒಂದು ಸೀಸನ್, ನಾಲ್ಕನೇ ಸ್ಥಾನ. 2019ರಲ್ಲಿ ಅರ್ಧದಿಂದ ಮೋಹನ್ ಬಾಗಾನ್, ಐದನೇ ಸ್ಥಾನ. ಅಲ್ಲಿ ಎದುರಾಳಿಗಳೇ ಹಿಂದೆ ಕೂರುತ್ತಾರೆ. ಬಾಗಿಲು ಹಾಕಿ ಕೂತವರನ್ನು ಒಡೆಯುವ ಆಟ ಬೇಕು, ಜೊತೆಗೆ ಪ್ರತಿ ಪಂದ್ಯವನ್ನೂ ಗೆಲ್ಲಬೇಕೆನ್ನುವ ಗ್ಯಾಲರಿ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಅಲ್ಲಿಂದ ಗುವಾಹಟಿಯ ನಾರ್ತ್‌ಈಸ್ಟ್ ಯುನೈಟೆಡ್. ಲೀಗ್ ಗೆದ್ದ ಕೋಚ್, ಆದರೂ ಇಂಡಿಯನ್ ಸೂಪರ್ ಲೀಗಿನಲ್ಲಿ (ಐಎಸ್‌ಎಲ್) ಹೋಗಿ ಕೂತದ್ದು ಸಹಾಯಕನ ಕುರ್ಚಿಯಲ್ಲಿ. ಮೊದಲು ಕ್ರೊಯೇಷಿಯಾದ ರಾಬರ್ಟ್ ಯಾರ್ನಿ ಕೈಕೆಳಗೆ, ಆಮೇಲೆ ಸ್ಪೇನಿನ ಜೆರಾರ್ಡ್ ನುಸ್ ಕೈಕೆಳಗೆ. 2021ರ ಜನವರಿಯಲ್ಲಿ ನುಸ್ ಹೋದಾಗ ಹಂಗಾಮಿಯಾಗಿ ತಂಡ ಇವರ ಕೈಗೆ ಬಂತು. ಉಳಿದ ಲೀಗ್ ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಮೂರನೇ ಸ್ಥಾನಕ್ಕೆ ಏರಿ ಸೆಮಿಫೈನಲ್ ತಲುಪಿದರು. ಮುಂದಿನ ಸೀಸನ್‌ಗೆ ಪೂರ್ಣಾವಧಿ ಮುಖ್ಯ ಕೋಚ್, ಐಎಸ್‌ಎಲ್‌ನಲ್ಲಿ ಹಾಗೆ ನೇಮಕವಾದ ಮೊದಲ ಭಾರತೀಯ. ಆ ಸೀಸನ್‌ನಲ್ಲಿ ತಂಡ ಮುಗಿಸಿದ್ದು ಹತ್ತನೆಯದಾಗಿ. ಹೊಗಳುವಾಗ ಇದನ್ನು ಬಿಟ್ಟು ಹೇಳುವವರು ಜಾಸ್ತಿ, ಆದ್ದರಿಂದ ಹೇಳಿದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಲೈಸೆನ್ಸಿನ ವಿಷಯ ಹೇಳಬೇಕು, ಯಾಕೆಂದರೆ ನಿಮ್ಮಲ್ಲಿ ಮೂವತ್ತರ ಹತ್ತಿರ ಬಂದವರು ಇದ್ದೀರಿ. ಏಳೇಳು ಜನ ಆಡುವ ಸೆವೆನ್ಸ್‌ನಲ್ಲಿ ಎಷ್ಟು ಹೆಸರು ಮಾಡಿದರೂ ಕೋಚ್ ಆಗಲು ಅದು ಕಾಗದವಲ್ಲ. ಲೈಸೆನ್ಸಿನ ಮೆಟ್ಟಿಲುಗಳು ಡಿ, ಸಿ, ಬಿ, ಎ, ತುದಿಯಲ್ಲಿ ಪ್ರೊ. ಒಂದರಿಂದ ಇನ್ನೊಂದಕ್ಕೆ ಹಾರಲು ಆಗುವುದಿಲ್ಲ. ನಡುವೆ ಒಂದು ತಂಡವನ್ನು ನಿಜವಾಗಿ ನಡೆಸಿರಬೇಕು. ದೇಶದ ಉನ್ನತ ಲೀಗಿನಲ್ಲಿ ಮುಖ್ಯ ಕೋಚ್ ಆಗಲು ಪ್ರೊ ಬೇಕು. ಆಡುವಾಗಲೇ ಡಿ ಮುಗಿಸಿ, ಕ್ಲಬ್ಬಿನ ಎಳೆಯ ಮಕ್ಕಳ ತಂಡವನ್ನು ಹಿಡಿದವನಿಗೆ ಮೂವತ್ತೈದಕ್ಕೆ ದಾರಿ ಕಾಣುತ್ತದೆ. ಬೂಟು ಬಿಚ್ಚಿಟ್ಟ ಮೇಲೆ ಯೋಚಿಸಿದವನಿಗೆ ನಲವತ್ತು ದಾಟುತ್ತದೆ. ಕೋರ್ಸಿಗೆ ಹೋಗುವವರು ಅಭ್ಯಾಸದ ಪುಸ್ತಕ ಈಗಲೇ ಶುರು ಮಾಡಿ. ಪ್ರತಿ ದಿನದ ಅಭ್ಯಾಸ, ಎಷ್ಟು ಮಕ್ಕಳು, ಎಷ್ಟು ಜಾಗ, ಎಷ್ಟು ನಿಮಿಷ, ಏನು ಕೆಟ್ಟಿತು, ಎಲ್ಲ ಬರೆದಿಡಿ. ಹೆಚ್ಚಿನವರು ತಡವರಿಸುವುದು ಆಟ ಗೊತ್ತಿಲ್ಲದೆ ಅಲ್ಲ, ಗೊತ್ತಿರುವ ಆಟವನ್ನು ಹಂತ ಹಂತವಾಗಿ ಹೇಳಲು ಬಾರದೆ.

ಸರಿ, ದಾರಿಗೆ ಬರೋಣ. 2023ರ ಕೊನೆಗೆ ಜಮ್ಷೆಡ್‌ಪುರ. 2024–25ರಲ್ಲಿ ಐದನೇ ಸ್ಥಾನ, ಪ್ಲೇಆಫ್‌ನಲ್ಲಿ ತಮ್ಮದೇ ಹಳೆಯ ನಾರ್ತ್‌ಈಸ್ಟ್ ಮೇಲೆ 2–0 ಗೆಲುವು. ಎರಡು ಪಂದ್ಯಗಳ ಸೆಮಿಫೈನಲ್‌ನಲ್ಲಿ ಮೋಹನ್ ಬಾಗಾನನ್ನು ತಮ್ಮ ಮೈದಾನದಲ್ಲಿ 2–1ರಿಂದ ಸೋಲಿಸಿ, ಕಲ್ಕತ್ತೆಯಲ್ಲಿ 90 ನಿಮಿಷ ಮುಗಿದ ಮೇಲೆ ಬಿದ್ದ ಗೋಲಿಗೆ ಹೊರಬಿದ್ದರು. ಅದೇ ವರ್ಷ ಸೂಪರ್ ಕಪ್ ಫೈನಲ್, ಗೋವಾಕ್ಕೆ 0–3. ಕಪ್ಪು ಸಿಗಲಿಲ್ಲ, ಆದರೆ ಇದ್ದ ಆಟಗಾರರಿಂದ ಅದಕ್ಕಿಂತ ಹೆಚ್ಚು ಹಿಂಡಲು ಸಾಧ್ಯವಿತ್ತೆಂದು ನನಗೆ ಅನಿಸುವುದಿಲ್ಲ.

ಇನ್ನು ರಾಷ್ಟ್ರೀಯ ತಂಡ. ಇಲ್ಲಿ ಲೆಕ್ಕವೇ ಬೇರೆ. ಕ್ಲಬ್ಬಿನ ಕೋಚಿಗೆ ಆಟಗಾರ ಹತ್ತು ತಿಂಗಳು ಕೈಯಲ್ಲಿ ಇರುತ್ತಾನೆ. ದೇಶದ ಕೋಚಿಗೆ ಫಿಫಾದ ಅವಧಿ (ಕ್ಲಬ್ಬುಗಳು ಆಟಗಾರರನ್ನು ದೇಶದ ತಂಡಕ್ಕೆ ಬಿಡಲೇಬೇಕಾದ ದಿನಗಳು) ಎಂದರೆ ಸಾಮಾನ್ಯವಾಗಿ ಸೋಮವಾರದಿಂದ ಮರುವಾರದ ಮಂಗಳವಾರದವರೆಗೆ, ಒಂಬತ್ತು ದಿನ, ಅದರೊಳಗೆ ಎರಡು ಪಂದ್ಯ. ದಿನ ಎಣಿಸಿ ನೋಡಿ. ಭಾನುವಾರ ಕ್ಲಬ್ ಪಂದ್ಯ ಆಡಿದವನು ಸೋಮವಾರ ವಿಮಾನದಲ್ಲಿ. ಮಂಗಳವಾರ ಮೈಸಡಿಲಿಸುವ ಓಟ, ಐಸ್ ನೀರು. ಬುಧವಾರ ಪಂದ್ಯದ ಮುನ್ನಾದಿನ, ಹೆಚ್ಚೆಂದರೆ ಒಂದು ಗಂಟೆ, ಕಾಲು ಭಾರ ಆಗಬಾರದು. ಗುರುವಾರ ಪಂದ್ಯ. ಶುಕ್ರವಾರ ವಿಶ್ರಾಂತಿ, ಶನಿವಾರ ಪ್ರಯಾಣ, ಭಾನುವಾರ ಒಂದು ಗಟ್ಟಿ ಅಭ್ಯಾಸ, ಸೋಮವಾರ ಮತ್ತೆ ಮುನ್ನಾದಿನ. ತಂತ್ರ ಕಲಿಸಲು ಸಿಗುವುದು ಮೂರು ಸಲ, ಎಲ್ಲ ಸೇರಿ ನಾಲ್ಕು ಗಂಟೆ ಇದ್ದೀತು.

ನಾಲ್ಕು ಗಂಟೆಯಲ್ಲಿ ಏನು ಕಲಿಸಬಹುದು? ರಕ್ಷಣೆಯ ಆಕಾರ ಕಲಿಸಬಹುದು, ಯಾಕೆಂದರೆ ಅದಕ್ಕೆ ಬೇಕಾದ್ದು ಎಲ್ಲಿ ನಿಲ್ಲಬೇಕೆಂಬ ಶಿಸ್ತು. ನಿಂತ ಚೆಂಡಿನ ಆಟ ಕಲಿಸಬಹುದು: ಕಾರ್ನರ್, ಫ್ರೀಕಿಕ್, ಉದ್ದ ಥ್ರೋ. ಯಾರು ಎಲ್ಲಿಗೆ ಓಡಬೇಕೆಂದು ಕಾಗದದಲ್ಲಿ ಬರೆದು ಕೊಟ್ಟರೂ ಅರ್ಧ ಕೆಲಸ ಆಗುತ್ತದೆ. ಹನ್ನೊಂದು ಜನ ಕೂಡಿ ಎದುರಾಳಿಯ ಗೋಡೆಯನ್ನು ಪಾಸಿನಿಂದ ಬಿಚ್ಚುವ ಆಟ ಆ ಹೊತ್ತಿನಲ್ಲಿ ಆಗುವುದಿಲ್ಲ. ಅದಕ್ಕೆ ಒಬ್ಬನ ಚಲನೆ ಇನ್ನೊಬ್ಬನ ಮೈಗೆ ರೂಢಿಯಾಗಬೇಕು. ಜಮೀಲ್ ಬೇಗ ಫಲ ಕೊಟ್ಟದ್ದು ಯಾಕೆ ಎಂದರೆ, ಬಡ ಕ್ಲಬ್ಬುಗಳಲ್ಲಿ ಅವರು ಕಲಿತ ವಿದ್ಯೆ ಬೇಗ ಕಲಿಸಲು ಆಗುವಂಥದ್ದು.

ಮೊದಲ ಪರೀಕ್ಷೆ ಮಧ್ಯ ಏಷ್ಯಾದ ಒಕ್ಕೂಟದ ಸಿಎಎಫ್ಎ ನೇಷನ್ಸ್ ಕಪ್, ತಜಿಕಿಸ್ತಾನದಲ್ಲಿ. ಆಗಸ್ಟ್ 29ರ ಪಂದ್ಯ ಫಿಫಾ ಅವಧಿಗಿಂತ ಮುಂಚೆ ಬಿದ್ದದ್ದರಿಂದ ಆಟಗಾರರನ್ನು ಬಿಡಬೇಕೆಂಬ ಕಟ್ಟುಪಾಡು ಕ್ಲಬ್ಬುಗಳಿಗಿರಲಿಲ್ಲ. ಮೋಹನ್ ಬಾಗಾನ್ ಬಿಡಲಿಲ್ಲ. ಸುನಿಲ್ ಛೆಟ್ರಿಯೂ ಆ ತಂಡದಲ್ಲಿ ಇಲ್ಲ. ಎದುರಿಗೆ ಆತಿಥೇಯರೇ. ಐದನೇ ನಿಮಿಷದಲ್ಲಿ ಭಾರತ ಮುಂದೆ. ಮಲಪ್ಪುರಂ ಜಿಲ್ಲೆಯ ಮುಹಮ್ಮದ್ ಉವೈಸ್ ಎಸೆದ ಉದ್ದ ಥ್ರೋ, ಅನ್ವರ್ ಅಲಿಯ ಹೆಡ್ಡರ್. ಉವೈಸ್‌ಗೆ ಅದು ದೇಶದ ಪರ ಮೊದಲ ಪಂದ್ಯ. ಅವರ ಕೈಯ ಬಲ ಜಮ್ಷೆಡ್‌ಪುರದಲ್ಲಿ ದಿನಾ ನೋಡಿದ ಕೋಚ್ ಇದ್ದರು, ಹಾಗಾಗಿ ಕರೆದುಕೊಂಡು ಹೋದರು.

ಈ ಥ್ರೋ ಹತ್ತಿರದಿಂದ ನೋಡುವಂಥದ್ದು. ಪಕ್ಕದ ಗೆರೆಯಿಂದ ಹತ್ತಿರದ ಗೋಲುಕಂಬಕ್ಕೆ ಎಷ್ಟು ದೂರ? 68ರಿಂದ ಗೋಲಿನ ಅಗಲ 7.32 ಕಳೆದು ಅರ್ಧ ಮಾಡಿ, 30 ಮೀಟರಿಗೆ ಸ್ವಲ್ಪ ಹೆಚ್ಚು. ಅಷ್ಟು ದೂರ ಎಸೆಯುವವನು ಸಿಕ್ಕಿದರೆ ಕೈಯಿಂದ ಹೊಡೆದ ಕಾರ್ನರ್ ಸಿಕ್ಕಿದ ಹಾಗೆ. ಥ್ರೋದಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ, ಹಾಗಾಗಿ ಗೋಲ್‌ಕೀಪರನ ಮೂಗಿನ ಮುಂದೆ ಒಬ್ಬನನ್ನು ನಿಲ್ಲಿಸಬಹುದು. ಆಫ್‌ಸೈಡೇ ಇಲ್ಲದ ಸೆವೆನ್ಸ್ ಆಡಿ ಬೆಳೆದವರಿಗೆ ಇದರ ಬೆಲೆ ಒಮ್ಮೆಗೆ ಹೊಳೆಯುವುದಿಲ್ಲ. ಎರಡೂ ಪಾದ ನೆಲದಲ್ಲಿ, ಗೆರೆಯ ಮೇಲೆ ಅಥವಾ ಹಿಂದೆ, ಚೆಂಡು ತಲೆಯ ಹಿಂದಿನಿಂದ ಎರಡೂ ಕೈಯಲ್ಲಿ ಬರಬೇಕು. ಓಡಿ ಬಂದ ವೇಗಕ್ಕೆ ಹಿಂದಿನ ಕಾಲು ಎದ್ದರೆ ಥ್ರೋ ಎದುರಾಳಿಗೆ. ಬಲ ತೋಳಿನದ್ದೆಂದು ತಿಳಿಯಬೇಡಿ, ಸೊಂಟ ಬಿಲ್ಲಾಗಿ ಬಾಗಿ ಚಿಮ್ಮುವುದರಲ್ಲಿ ಇರುವುದು. ನಮ್ಮ ಆಟಿ ತಿಂಗಳ ಮಳೆಯಲ್ಲಿ ಚೆಂಡು ಜಾರಿ ಹತ್ತು ಮೀಟರ್ ಮೊದಲೇ ಬೀಳುತ್ತದೆ. ರೆಫರಿ ಒಪ್ಪಿದರೆ ಗೆರೆಯ ಹೊರಗೆ ಒಣ ಬೈರಾಸು (ಟವೆಲ್) ಇಟ್ಟುಕೊಳ್ಳಿ.

ಥ್ರೋ ಕಾರ್ನರಿಗಿಂತ ನಿಧಾನ ಬರುತ್ತದೆ. ಡಿಫೆಂಡರಿಗೆ ನೋಡಲು ಹೊತ್ತು ಸಿಗುತ್ತದೆ. ಆದ್ದರಿಂದ ನೇರ ಗೋಲಿಗೆ ಹೆಡ್ ಮಾಡುವುದು ಕಷ್ಟ. ಹತ್ತಿರದ ಕಂಬದ ಬಳಿ ಎತ್ತರದವನೊಬ್ಬ ಚೆಂಡನ್ನು ಹಿಂದಕ್ಕೆ ತಾಗಿಸಿ ಬಿಡಬೇಕು, ದೂರದ ಕಂಬಕ್ಕೆ ಇಬ್ಬರು ನುಗ್ಗಬೇಕು, ಪೆನಾಲ್ಟಿ ಬಿಂದುವಿನ ಹೊರಗೆ ಒಬ್ಬ ಎರಡನೇ ಚೆಂಡಿಗೆ ಕಾಯಬೇಕು. ಎಲ್ಲರೂ ಒಳನುಗ್ಗಿದರೆ ಚೆಂಡು ಹೊರಬಿದ್ದ ಆರು ಸೆಕೆಂಡಿನಲ್ಲಿ ನಿಮ್ಮ ಗೋಲಿನ ಮುಂದೆ ಅದು ಇರುತ್ತದೆ. ಹಿಂದೆ ಕಡಿಮೆಯೆಂದರೆ ಇಬ್ಬರು, ಎದುರಾಳಿ ಒಬ್ಬನನ್ನು ಮುಂದೆ ಬಿಟ್ಟಿದ್ದರೆ.

ಆ ಪಂದ್ಯದಲ್ಲಿ 13ನೇ ನಿಮಿಷಕ್ಕೆ ಸಂದೇಶ್ ಝಿಂಗನ್ ಎರಡನೆಯದನ್ನು ಹೊಡೆದರು. ತಜಿಕರು ಒಂದು ತಿರುಗಿಸಿದರು, ಗುರ್‌ಪ್ರೀತ್ ಸಿಂಗ್ ಸಂಧು ಒಂದು ಪೆನಾಲ್ಟಿ ತಡೆದರು, 2–1. ಎರಡು ಗೋಲೂ ಡಿಫೆಂಡರುಗಳದ್ದು ಎಂಬುದನ್ನು ಗಮನಿಸಿ. ನಂತರ ಇರಾನಿಗೆ 0–3, ಅಫ್ಘಾನಿಸ್ತಾನದೊಂದಿಗೆ 0–0. ಮೂರನೇ ಸ್ಥಾನಕ್ಕೆ ಒಮಾನ್. ಅವರ ರ‍್ಯಾಂಕ್ 79, ನಮ್ಮದು 133. ಹಿಂದೆ ಬಿದ್ದ ಭಾರತಕ್ಕೆ 80ನೇ ನಿಮಿಷದಲ್ಲಿ ಉದಾಂತ ಸಿಂಗ್ ಸಮ ತಂದರು. ಪೆನಾಲ್ಟಿಯಲ್ಲಿ 3–2, ಕೊನೆಯ ಒದೆತ ಗುರ್‌ಪ್ರೀತ್ ಕೈಗೆ. ಊರೆಲ್ಲ ಹೊಗಳಿಕೆ.

ಅಕ್ಟೋಬರಿನಲ್ಲಿ ಪ್ರಶ್ನೆಪತ್ರಿಕೆ ಬದಲಾಯಿತು. ಏಷ್ಯನ್ ಕಪ್ ಅರ್ಹತೆಯ ಗುಂಪಿನಲ್ಲಿ ಅದಕ್ಕೆ ಮೊದಲೇ ಎರಡು ಪಂದ್ಯಕ್ಕೆ ಒಂದೇ ಅಂಕ. ಹಿಂದಿನ ಕೋಚ್ ಮನೋಲೋ ಮಾರ್ಕೆಸ್ ಇದ್ದಾಗ ಬಾಂಗ್ಲಾದೇಶದೊಂದಿಗೆ 0–0, ಹಾಂಕಾಂಗಿಗೆ 0–1. ಇನ್ನು ಗೆಲ್ಲಲೇಬೇಕು. ಸಿಂಗಾಪುರದಲ್ಲಿ ಅಕ್ಟೋಬರ್ 9ರಂದು ಝಿಂಗನ್‌ಗೆ ಕೆಂಪು ಕಾರ್ಡ್, ಹತ್ತು ಜನ, 90ನೇ ನಿಮಿಷದಲ್ಲಿ ಎದುರಾಳಿಯ ತಪ್ಪು ಹಿಂಪಾಸನ್ನು ಕಸಿದು ರಹೀಂ ಅಲಿ ಸಮ ಮಾಡಿದರು. ಹತ್ತು ಜನರಿದ್ದಾಗ ಏನು ಮಾಡಬೇಕೆಂಬ ಸಂಶಯ ಇರಲಿಲ್ಲ ನೋಡಿ, ಹಿಂದೆ ನಿಂತು ಕಾಯುವುದು ಅವರಿಗೆ ಗೊತ್ತು. ಅಕ್ಟೋಬರ್ 14ರಂದು ಗೋವಾದ ಮಡಗಾಂವಿನಲ್ಲಿ, ಅದೇ ಸಿಂಗಾಪುರದ ಎದುರು, ಹಾಗಲ್ಲ. 14ನೇ ನಿಮಿಷಕ್ಕೆ ಛಾಂಗ್ಟೆ ಗೋಲು, ಮುನ್ನಡೆ. 44 ಮತ್ತು 58ನೇ ನಿಮಿಷಗಳಲ್ಲಿ ಸಿಂಗಾಪುರದ ಸಾಂಗ್ ಉಯ್–ಯಂಗ್ ಎರಡು ಹೊಡೆದರು. ಆಮೇಲೆ ಅರ್ಧ ಗಂಟೆ ಉಂಟು, ಸಿಂಗಾಪುರ ಹಿಂದೆ ಕೂತಿತು, ನಮ್ಮವರ ಬಳಿ ಬದಿಯಿಂದ ಎತ್ತಿ ಹಾಕುವುದು ಬಿಟ್ಟರೆ ಬೇರೆ ಉಪಾಯ ಇರಲಿಲ್ಲ. 1–2, ಏಷ್ಯನ್ ಕಪ್ ಕೈತಪ್ಪಿತು. ನವೆಂಬರ್ 18ರಂದು ಢಾಕಾದಲ್ಲಿ 11ನೇ ನಿಮಿಷದ ಗೋಲಿಗೆ 0–1. ಬಾಂಗ್ಲಾದೇಶ ನಮ್ಮನ್ನು ಸೋಲಿಸಿದ್ದು 2003ರ ನಂತರ ಅದೇ ಮೊದಲು.

ಕಲ್ಕತ್ತೆಯ ಮಾತು ನೆನಪಿಡಿ ಎಂದದ್ದು ಇದಕ್ಕೆ. ಗೋಡೆ ಕಟ್ಟುವುದು ಗೊತ್ತು, ಎದುರಾಳಿ ಗೋಡೆ ಕಟ್ಟಿದಾಗ ಕಷ್ಟ. ಕೋಚಿನ ಪಾಲೂ ಇದರಲ್ಲಿ ಉಂಟು. ಮಡಗಾಂವಿನಲ್ಲಿ ಮುನ್ನಡೆ ಸಿಕ್ಕ ಮೇಲೆ ತಂಡ ಬೇಗ ಹಿಂದೆ ಸರಿಯಿತು, ಅದು ಹಳೆಯ ಅಭ್ಯಾಸ. ಆದರೆ ಆ ವರ್ಷ ಐಎಸ್‌ಎಲ್ ಶುರುವಾಗದೆ ನಿಂತಿತ್ತು, ಆಟಗಾರರ ಕಾಲಲ್ಲಿ ಪಂದ್ಯದ ಬಿಸಿ ಇರಲಿಲ್ಲ. ಇನ್ನೊಂದು, ನಮ್ಮ ಮಿಡ್‌ಫೀಲ್ಡರ್‌ಗಳಲ್ಲಿ ಹೆಚ್ಚಿನವರು ಬೆನ್ನಿಗೆ ಎದುರಾಳಿ ಇರುವಾಗ ಚೆಂಡು ಪಡೆದು ತಿರುಗುವುದಿಲ್ಲ. ಬಂದ ಕಡೆಗೇ ವಾಪಸ್ ಕೊಡುತ್ತಾರೆ. ಒಂಬತ್ತು ದಿನದ ಕೋಚ್ ಇದನ್ನು ಸರಿಪಡಿಸಲಾರ. ಇದು ಹನ್ನೆರಡು, ಹದಿಮೂರರ ವಯಸ್ಸಿನಲ್ಲಿ ಬರಬೇಕಾದ್ದು, ಅಂದರೆ ಮೊಗ್ರಾಲ್‌ನಲ್ಲೋ ತೃಕರಿಪುರದಲ್ಲೋ ನಿಮ್ಮ ಕೈಯಲ್ಲಿ ಮಕ್ಕಳು ಇರುವಾಗ.

ತಿರುಗುವುದನ್ನು ಕಲಿಸುವುದು ಹೇಗೆ ಎಂದು ನೀವು ಕೇಳಬಹುದು, ಒಂದು ಅಭ್ಯಾಸ ಹೇಳುತ್ತೇನೆ. 12 ಮೀಟರ್ ಚೌಕ, ನಾಲ್ಕು ಬದಿಗೆ ನಾಲ್ವರು, ನಡುವೆ ಒಬ್ಬ ಆಟಗಾರ, ಅವನ ಬೆನ್ನಿಗೆ ಒಬ್ಬ ಡಿಫೆಂಡರ್. ಒಂದು ಬದಿಯಿಂದ ಬಂದ ಚೆಂಡನ್ನು ನಡುವಿನವನು ಎದುರು ಬದಿಗೆ ತಲುಪಿಸಿದರೆ ಒಂದು ಅಂಕ, ಬಂದ ಕಡೆಗೇ ಕೊಟ್ಟರೆ ಅಂಕವಿಲ್ಲ. ಪಾಸ್ ಹೊರಡುವ ಮೊದಲು ಅವನು ಭುಜದ ಮೇಲಿಂದ ಹಿಂದೆ ನೋಡಿರಬೇಕು. ನೋಡಿದನೋ ಇಲ್ಲವೋ ಗೊತ್ತಾಗಲು ನೀವು ಅವನ ಹಿಂದೆ ನಿಂತು ಬೆರಳೆತ್ತಿ, ಎಷ್ಟೆಂದು ಅವನು ಕೂಗಿ ಹೇಳಲಿ. ಕೊಡುವವನು ಡಿಫೆಂಡರಿನಿಂದ ದೂರದ ಕಾಲಿಗೆ ಗಟ್ಟಿಯಾಗಿ ಕೊಡಬೇಕು. ಮೆತ್ತಗೆ ಕೊಟ್ಟರೆ ಡಿಫೆಂಡರ್ ಮುಂದೆ ಬಂದು ಕಸಿಯುತ್ತಾನೆ, ತಪ್ಪು ನಡುವಿನವನ ತಲೆಗೆ ಬರುತ್ತದೆ. ನಡುವಿನವನು ಕೊಡುವವನ ನೇರ ಗೆರೆಯಲ್ಲಿ ನಿಂತಿದ್ದರೆ ತಿರುಗಲು ಜಾಗ ಸಿಗದು, ಎರಡು ಹೆಜ್ಜೆ ಓರೆಗೆ ಸರಿದು ನಿಲ್ಲಿಸಿ. ಮೊದಲ ವಾರ ಡಿಫೆಂಡರ್ ಮುಟ್ಟದೆ ನಿಂತರೆ ಸಾಕು. ಒಬ್ಬೊಬ್ಬನಿಗೆ ಒಂದೂವರೆ ನಿಮಿಷ, ಆಮೇಲೆ ಜಾಗ ಬದಲು. ಒಟ್ಟು ಕಾಲು ಗಂಟೆಗಿಂತ ಎಳೆಯಬೇಡಿ, ದಣಿದ ಮಕ್ಕಳು ಹಿಂದೆ ನೋಡುವುದನ್ನು ಬಿಟ್ಟು ಮತ್ತೆ ಚೆಂಡನ್ನೇ ನೋಡತೊಡಗುತ್ತಾರೆ.